ನೆರೆ ಇಳಿದ ಮೇಲೆ ಶಿವನಸಮುದ್ರ

ಕಾವೇರಿಯ ನಡುವಣ ಮೂರು ದ್ವೀಪಗಳಲ್ಲಿ ರಂಗನಾಥನು ಪವಡಿಸಿದ್ದಾನೆ. ಶ್ರೀರಂಗಪಟ್ಟಣದವನು ಆದಿರಂಗ, ತಮಿಳುನಾಡಿನ ಶ್ರೀರಂಗದವನು ಅಂತ್ಯರಂಗ, ಇವರಿಬ್ಬರ ನಡುವೆ ಶಿವನಸಮುದ್ರದಲ್ಲಿ ಮಲಗಿರುವವನು ಮಧ್ಯರಂಗ. ಮೊದಲಿನವನಿಗೆ ರಾಜಧಾನಿಯ ವೈಭವವುಂಟು. ಕಡೆಯವನಿಗೆ ಏಳು ಪ್ರಾಕಾರಗಳ ಮಹಾಕ್ಷೇತ್ರದ ಕೀರ್ತಿಯುಂಟು. ನಡುವಣವನಿಗೆ ಅವೆರಡೂ ಇಲ್ಲ. ಆತನಿಗಿರುವುದು ಕರಿಯ ಬಂಡೆ, ಕುರುಚಲು ಕಾಡು, ಮಳೆಗಾಲದಲ್ಲಿ ಹಗಲಿರುಳೂ ಕೇಳಿಬರುವ ನೀರಿನ ಮೊರೆತ, ಇಷ್ಟೇ. ಆದರೂ ಬೆಂಗಳೂರಿನ ದಕ್ಷಿಣದ ಬಡಾವಣೆಗಳಲ್ಲಿ ಮನೆ ಮಾಡಿಕೊಂಡಿರುವ ನಮ್ಮಂತಹ ಗೃಹಸ್ಥರಿಗೆ ಮೂವರಲ್ಲಿ ಹೆಚ್ಚು ಬಳಕೆಯಾದವನು ಈ ನಡುವಣವನೇ. ಬೆಳಗ್ಗೆ ಹೊರಟು ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದಾದಷ್ಟು ದೂರ. ಮಕ್ಕಳಿಗೆ ನೀರು, ಹಿರಿಯರಿಗೆ ದೇವರು, ಎಲ್ಲರಿಗೂ ಮರದ ನೆರಳು. ಸಂಸಾರಸಮೇತರಾಗಿ ಹೋಗುವವರಿಗೆ ಇದಕ್ಕಿಂತ ಇನ್ನೇನು ಬೇಕು?

ಜಯನಗರಕ್ಕೆ ೧೯೪೮ರಲ್ಲಿ ರಾಜಗೋಪಾಲಾಚಾರ್ಯರು ಅಡಿಗಲ್ಲನ್ನಿಟ್ಟರು. ಆ ಬಡಾವಣೆಯೂ ಅದರ ತರುವಾಯ ಬೆಳೆದ ಬನಶಂಕರಿ, ಜೆ.ಪಿ. ನಗರಗಳೂ ಕನಕಪುರದ ರಸ್ತೆಯ ಇಕ್ಕೆಲಗಳಲ್ಲಿ ಹಬ್ಬಿಕೊಂಡಿವೆ. ಬನಶಂಕರಿ ಅಮ್ಮನವರ ಗುಡಿಯ ಮುಂದೆ ಕೈಮುಗಿದು ದಕ್ಷಿಣಕ್ಕೆ ಸಾಗಿದರೆ ಆ ದಾರಿಯೇ ನಮ್ಮನ್ನು ದ್ವೀಪದ ಬಾಗಿಲಿಗೆ ಮುಟ್ಟಿಸುತ್ತದೆ. ಒಟ್ಟು ದೂರ ಸುಮಾರು ೮೦ ಮೈಲಿ. ಸಾರಕ್ಕಿ, ಯಲಚೇನಹಳ್ಳಿಗಳು ಒಂದು ಕಾಲಕ್ಕೆ ಹೊಲಗದ್ದೆಗಳ ಹಳ್ಳಿಗಳಾಗಿದ್ದುವು. ಈಗ ಅವುಗಳ ನೆತ್ತಿಯ ಮೇಲೆ ಮೆಟ್ರೋ ರೈಲು ಓಡುತ್ತಿದೆ. ತಾತಗುಣಿ, ಹಾರೋಹಳ್ಳಿಗಳನ್ನು ದಾಟಿದರೆ ಅರ್ಕಾವತಿಯ ದಡದ ಕನಕಪುರ, ಹಿಪ್ಪುನೇರಳೆಯ ತೋಟಗಳು, ರಾಗಿಯ ಹೊಲಗಳು. ಸಾತನೂರು, ಹಲಗೂರುಗಳು ಹಿಂದೆ ಸರಿದು ಮಳವಳ್ಳಿಯ ಸೀಮೆ ಬಂದೊಡನೆ ನೆಲದ ಬಣ್ಣವೇ ಬೇರೆಯಾಗುತ್ತದೆ. ಕಾಲುವೆಯ ನೀರುಂಡ ಬತ್ತ, ಕಬ್ಬು, ತೆಂಗು. ಇಲ್ಲಿಂದ ಕೊಳ್ಳೇಗಾಲದ ದಾರಿ ಹಿಡಿದರೆ ಸ್ವಲ್ಪ ಹೊತ್ತಿನಲ್ಲಿಯೇ ಹೊಳೆ.

ಈ ಪ್ರಯಾಣದ ಸಡಗರವು ಹಿಂದಿನ ರಾತ್ರಿಯೇ ಮನೆಯಲ್ಲಿ ಮೊದಲಾಗುತ್ತಿತ್ತು. ಹುಳಿಯನ್ನಕ್ಕೆ ಗೊಜ್ಜು ಕುದಿಯುವುದು, ಮೊಸರನ್ನಕ್ಕೆ ಹಾಲು ಹೆಚ್ಚಾಗಿ ಬೆರೆಸಿ ಮಧ್ಯಾಹ್ನಕ್ಕೆ ಹದವಾಗುವಂತೆ ಮಾಡುವುದು, ಮಾವಿನಮಿಡಿಯ ಜಾಡಿಯಿಂದ ನಾಲ್ಕಾರು ಮಿಡಿಗಳನ್ನು ತೆಗೆದಿಡುವುದು, ಮುತ್ತುಗದ ಎಲೆಗಳನ್ನು ಕಟ್ಟುವುದು. ಅಜ್ಜಿಯವರು ಮಾತ್ರ ಇವಾವುದಕ್ಕೂ ಕೈಹಾಕದೆ ಅರಿಸಿನ, ಕುಂಕುಮ, ಹಸುರು ಬಳೆ, ರವಿಕೆಯ ಕಣ, ಒಂದು ತೆಂಗಿನಕಾಯಿ ಇವನ್ನು ಬೇರೆಯಾಗಿ ಗಂಟು ಕಟ್ಟುತ್ತಿದ್ದರು. ಅದು ಕಾವೇರಮ್ಮನ ಪಾಲು. ನಾವು ಹೋಗುತ್ತಿದ್ದುದು ನೀರಾಟಕ್ಕೆ. ಅವರು ಹೋಗುತ್ತಿದ್ದುದು ತವರಿನ ಹೆಣ್ಣುಮಗಳನ್ನು ನೋಡಿ ಬರುವಂತೆ.

ದ್ವೀಪದ ನೆಲೆಯನ್ನು ಸ್ವಲ್ಪ ವಿವರಿಸಬೇಕು. ಪಶ್ಚಿಮದಿಂದ ಬರುವ ಕಾವೇರಿಯು ಇಲ್ಲಿ ಎರಡು ಕವಲಾಗಿ ಒಡೆದು, ನಡುವೆ ಕೆಲವು ಮೈಲಿ ಉದ್ದದ ನೆಲವನ್ನು ಬಿಟ್ಟು, ಎತ್ತರದ ಸೀಮೆಯಿಂದ ಕಣಿವೆಗೆ ಇಳಿಯುತ್ತಾಳೆ. ಇಳಿತವು ಸುಮಾರು ೩೦೦ ಅಡಿ. ಒಂದು ಕವಲು ಗಗನಚುಕ್ಕಿ, ಇನ್ನೊಂದು ಭರಚುಕ್ಕಿ. ಗಗನಚುಕ್ಕಿಯು ರಭಸದವಳು. ಬಂಡೆಯಿಂದ ಬಂಡೆಗೆ ಹಾರಿ, ನೊರೆಯಾಗಿ, ಹೊಗೆಯಾಗಿ ಮೇಲೇಳುತ್ತಾಳೆ; ಎದುರಿನ ದಡದಲ್ಲಿ ನಿಂತವರ ಮುಖಕ್ಕೂ ಹನಿ ಎರಚುತ್ತಾಳೆ. ಭರಚುಕ್ಕಿಯು ಹರವಿನವಳು. ಅರ್ಧಚಂದ್ರಾಕಾರವಾಗಿ ಬಾಗಿದ ಬಂಡೆಯ ಅಂಚಿನಿಂದ ನೂರಾರು ಎಳೆಗಳಾಗಿ ಇಳಿದು ಕೆಳಗೆ ಕೊಳವಾಗುತ್ತಾಳೆ. ಮುಂದೆ ಎರಡು ಕವಲುಗಳೂ ಕೂಡಿ ಮೇಕೆದಾಟಿನ ಕಡೆಗೆ ಹರಿಯುತ್ತವೆ. ಮೊದಲನೆಯದನ್ನು ನೋಡಿದರೆ ಭಯವೂ ಎರಡನೆಯದನ್ನು ನೋಡಿದರೆ ಸಮಾಧಾನವೂ ಉಂಟಾಗುವುದೆಂದು ನಮ್ಮ ಮನೆಯ ಹಿರಿಯರು ಹೇಳುತ್ತಿದ್ದರು. ಆದುದರಿಂದ ಗಗನಚುಕ್ಕಿಯನ್ನು ಬೆಳಗ್ಗೆ ದೂರದಿಂದ ನೋಡಿಕೊಂಡು, ಉಳಿದ ಹಗಲನ್ನು ಭರಚುಕ್ಕಿಗೆ ಮೀಸಲಾಗಿಡುವುದು ನಮ್ಮ ಪದ್ಧತಿ.

ಭರಚುಕ್ಕಿಯ ಮೆಟ್ಟಿಲುಗಳನ್ನಿಳಿದು ಬೇಸಿಗೆಯ ತೆಳುಧಾರೆಗೆ ತಲೆಯೊಡ್ಡಿದವರು ಆ ಸುಖವನ್ನು ಮರೆಯಲಾರರು. ನಗರದ ಒಂದು ವರ್ಷದ ಧೂಳು ಒಂದು ಗಳಿಗೆಯಲ್ಲಿ ಇಳಿದುಹೋದಂತಾಗುತ್ತದೆ. ಸ್ನಾನವಾದ ಮೇಲೆ ಹೊಳೆಮತ್ತಿಯ ನೆರಳಿನಲ್ಲಿ ಎಲೆ ಹಾಕಿ ಊಟ. ಹಸಿದ ಮಕ್ಕಳಿಗೆ ಮೊಸರನ್ನವು ಅಂದಿನಷ್ಟು ರುಚಿಯಾಗಿ ಮತ್ತೆಂದೂ ಇರುತ್ತಿರಲಿಲ್ಲ. ಕೋತಿಗಳು ಪಂಕ್ತಿಯ ಕೊನೆಗೆ ಬಂದು ಕುಳಿತು ತಮ್ಮ ಪಾಲನ್ನು ಕೇಳದೆಯೇ ತೆಗೆದುಕೊಂಡು ಹೋಗುತ್ತಿದ್ದುವು. ಕೊಳದಲ್ಲಿ ಹರಿಗೋಲಿನವನು ಒಂದು ಸುತ್ತು ಹಾಕಿಸಿ, ದಡಕ್ಕೆ ಬರುವ ಮೊದಲು ಹರಿಗೋಲನ್ನು ಬುಗುರಿಯಂತೆ ತಿರುಗಿಸಿ ಮಕ್ಕಳನ್ನು ಕಿರಿಚಿಸುತ್ತಿದ್ದನು.

ಬಿಸಿಲಿಳಿದ ಮೇಲೆ ದೇವಾಲಯ. ಮಧ್ಯರಂಗನಿಗೆ ಜಗನ್ಮೋಹನನೆಂದೂ ಹೆಸರು. ಇಲ್ಲಿಯ ಮೂರ್ತಿ ಯೌವನರೂಪಿಯೆಂಬುದು ಭಕ್ತರ ಭಾವನೆ. ಒಂದೇ ದಿನದಲ್ಲಿ ಮೂವರು ರಂಗರನ್ನೂ ಕಂಡು ಬರುವ ಹರಕೆಯವರೂ ಉಂಟು. ಸಮೀಪದಲ್ಲಿಯೇ ಸೋಮೇಶ್ವರನ ಗುಡಿ. ಗಗನಚುಕ್ಕಿಯ ಬಳಿ ಮರ್ದಾನೆ ಗೈಬ್ ಎಂಬ ಸಂತರ ದರ್ಗಾ. ಜಾತ್ರೆಯವರು, ಉರುಸಿನವರು, ಬುತ್ತಿಯವರು ಎಲ್ಲರಿಗೂ ಈ ದ್ವೀಪದಲ್ಲಿ ಎಡೆಯುಂಟು. ಹಿಂದೆ ಇಲ್ಲಿ ಪಟ್ಟಣವೊಂದಿದ್ದಿತೆಂದೂ, ಅದರ ಅರಸನೊಬ್ಬನು ಕುದುರೆಯ ಕಣ್ಣಿಗೆ ಬಟ್ಟೆ ಕಟ್ಟಿ ಪತ್ನಿಯೊಡನೆ ಜಲಪಾತಕ್ಕೆ ಧುಮುಕಿದನೆಂದೂ ಐತಿಹ್ಯವಿದೆ. ಊರು ಹಾಳಾಗಿ ಕಾಡು ಬೆಳೆದು, ದ್ವೀಪವು ಬಹುಕಾಲ ಮನುಷ್ಯರ ಸುಳಿವಿಲ್ಲದೆ ಇದ್ದಿತು.

ಅದನ್ನು ಮತ್ತೆ ಜನರಿಗೆ ದೊರಕಿಸಿಕೊಟ್ಟುದು ಒಂದು ಸೇತುವೆ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ, ಮೈಸೂರಿನ ರೆಸಿಡೆಂಟರ ಕೈಕೆಳಗೆ ಕೆಲಸದಲ್ಲಿದ್ದ ರಾಮಸ್ವಾಮಿ ಮುದಲಿಯಾರರೆಂಬ ಮಹನೀಯರು ಕಾಡು ಕಡಿಸಿ, ಗುಡಿಗಳನ್ನು ಸರಿಪಡಿಸಿ, ಕವಲುಗಳಿಗೆ ಕಲ್ಲಿನ ಸೇತುವೆಗಳನ್ನು ನಿಲ್ಲಿಸಿದರು. ಸರಕಾರವು ಅವರಿಗೆ ಜನೋಪಕಾರ ಕಾಮಕರ್ತ ಎಂಬ ಬಿರುದನ್ನಿತ್ತು ಜಾಗೀರನ್ನು ಕೊಟ್ಟಿತು. ಸೇತುವೆಗಳ ಕಟ್ಟಡವು ನೋಡತಕ್ಕದ್ದಾಗಿತ್ತು. ಅವುಗಳಿಗೆ ಕಮಾನಿಲ್ಲ. ಹೊಳೆಯ ಪಾತ್ರದ ಬಂಡೆಯಲ್ಲಿಯೇ ಕಲ್ಲುಕಂಬಗಳನ್ನು ಸಾಲಾಗಿ ನೆಟ್ಟು, ಮೇಲೆ ಕಲ್ಲಿನ ತೊಲೆಗಳನ್ನಿಟ್ಟು, ತೊಲೆಗಳ ಮೇಲೆ ಚಪ್ಪಡಿಗಳನ್ನು ಹಾಸಿದ್ದರು. ನಮ್ಮ ದೇವಾಲಯದ ಮಂಟಪವನ್ನೇ ಉದ್ದಕ್ಕೆ ಎಳೆದು ಹೊಳೆಯ ಮೇಲೆ ಮಲಗಿಸಿದಂತೆ ಕಾಣುತ್ತಿತ್ತು. ಇವುಗಳಲ್ಲಿ ಒಂದನ್ನು ಜನರು ವೆಸ್ಲಿ ಸೇತುವೆಯೆಂದು ಕರೆಯುತ್ತಾರೆ. ವಾಹನಗಳು ಹೊಸ ಸೇತುವೆಯನ್ನು ಹಿಡಿದ ಮೇಲೂ ನಾವು ಆ ಹಳೆಯದರ ಮೇಲೆ ನಡೆದು ಹೋಗುವುದನ್ನು ಬಿಡಲಿಲ್ಲ. ಅಜ್ಜಿಯವರು ಬಾಗಿನ ಬಿಡುತ್ತಿದ್ದುದೂ ಅದರ ನಡುಭಾಗದಿಂದಲೇ. ಮಕ್ಕಳು ಕಂಬಗಳನ್ನೆಣಿಸಲು ಹೊರಟು ಪ್ರತಿ ವರ್ಷವೂ ಬೇರೆ ಬೇರೆ ಲೆಕ್ಕ ತರುತ್ತಿದ್ದರು.

ಶಿವನಸಮುದ್ರವು ನಮಗೆ ವಿಹಾರಸ್ಥಾನ ಮಾತ್ರವಲ್ಲವೆಂಬುದನ್ನು ಇಲ್ಲಿ ಹೇಳಬೇಕು. ೧೯೦೨ರ ಜೂನ್ ತಿಂಗಳಿನಲ್ಲಿ ಇಲ್ಲಿಯ ವಿದ್ಯುದಾಗಾರದಿಂದ ಕೋಲಾರದ ಚಿನ್ನದ ಗಣಿಗಳಿಗೆ, ಸುಮಾರು ೯೦ ಮೈಲಿ ದೂರಕ್ಕೆ, ವಿದ್ಯುಚ್ಛಕ್ತಿ ಹರಿಯಿತು. ಜಗತ್ತಿನಲ್ಲಿಯೇ ಅದು ಆ ಕಾಲಕ್ಕೆ ಬಲು ದೀರ್ಘವಾದ ತಂತಿಮಾರ್ಗಗಳಲ್ಲಿ ಒಂದು. ಈ ಕಾರ್ಯವನ್ನು ಮನಸ್ಸಿನಲ್ಲಿ ಹೊತ್ತು ನಡೆಸಿದ ದಿವಾನ್ ಶೇಷಾದ್ರಿ ಅಯ್ಯರವರು ಅದನ್ನು ಕಣ್ಣಾರೆ ಕಾಣಲಿಲ್ಲ, ೧೯೦೧ರಲ್ಲಿಯೇ ತೀರಿಕೊಂಡಿದ್ದರು. ೧೯೦೫ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಹತ್ತಿದುದು ಈ ಜಲಪಾತದ ಬಲದಿಂದ. ಗಗನಚುಕ್ಕಿಯ ಬಳಿಯ ಆ ಸ್ಥಳವನ್ನು ಇಂದಿಗೂ ಬ್ಲಫ್ ಎಂದೇ ಕರೆಯುತ್ತಾರೆ. ಬೇಸಿಗೆಯಲ್ಲಿ ಯಂತ್ರಗಳಿಗೆ ನೀರು ಸಾಲದೆ ಹೋದುದೂ ಕನ್ನಂಬಾಡಿಯ ಅಣೆಕಟ್ಟನ್ನು ಕಟ್ಟಲು ಒಂದು ಕಾರಣವಾಯಿತು.

ಬೆಳಕಿನ ಮೇಲೆ ನೀರು. ಹೆಸರಘಟ್ಟ, ತಿಪ್ಪಗೊಂಡನಹಳ್ಳಿಗಳ ನೀರು ಬೆಳೆಯುವ ಊರಿಗೆ ಸಾಲದಾದಾಗ, ೧೯೭೪ರಲ್ಲಿ ಕಾವೇರಿಯ ನೀರನ್ನು ಬೆಂಗಳೂರಿಗೆ ತಂದರು. ಶಿವನಸಮುದ್ರದ ಬಳಿಯ ಶಿವ ಅಣೆಕಟ್ಟಿನಿಂದ ಹೊರಟ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧಿಯಾಗಿ, ಅಲ್ಲಿಯೂ ಹಾರೋಹಳ್ಳಿ, ತಾತಗುಣಿಗಳಲ್ಲಿಯೂ ಯಂತ್ರಗಳಿಂದ ಮೇಲೆತ್ತಲ್ಪಟ್ಟು, ನಾವು ಬುತ್ತಿ ಕಟ್ಟಿಕೊಂಡು ಇಳಿದು ಹೋಗುವ ಸೀಮೆಯನ್ನೇ ಏರಿ ಎದುರಾಗಿ ನಮ್ಮ ಮನೆಗಳಿಗೆ ಬರುತ್ತದೆ. ೨೦೨೪ರ ಅಕ್ಟೋಬರಿನಲ್ಲಿ ಈ ಯೋಜನೆಯ ಐದನೆಯ ಹಂತವೂ ಆರಂಭವಾಯಿತು. ಜಯನಗರದ ಗೃಹಿಣಿಯು ಬೆಳಗ್ಗೆ ನಲ್ಲಿಯ ಕೆಳಗೆ ಕೊಡವಿಡುವಾಗ, ತನಗೆ ತಿಳಿಯದೆಯೇ ಆ ದ್ವೀಪದ ನೆರೆಯವಳಾಗಿದ್ದಾಳೆ.

ಹೀಗೆ ಬೆಳಕಿಗಾಗಿಯೂ ಬಾಯಾರಿಕೆಗಾಗಿಯೂ ಬೇಸಾಯಕ್ಕಾಗಿಯೂ ಹೊಳೆಯನ್ನು ಹಂಚಿಕೊಂಡುದರ ಫಲವಾಗಿ ಜಲಪಾತವು ವರ್ಷದ ಬಹುಭಾಗದಲ್ಲಿ ಸೊರಗಿರುತ್ತದೆ. ಚೈತ್ರ ವೈಶಾಖಗಳಲ್ಲಿ ಗಗನಚುಕ್ಕಿಯ ಬಂಡೆಗಳು ಒಣಗಿ ಬಿಸಿಲಿಗೆ ಬಿಳಿಚಿಕೊಂಡಿರುವುದನ್ನು ಕಂಡು ಮರುಗಿದವರು ಅನೇಕರಿರಬೇಕು. ಆದುದರಿಂದಲೇ ಆಷಾಢ ಶ್ರಾವಣಗಳಲ್ಲಿ ಕನ್ನಂಬಾಡಿಯು ತುಂಬಿ ಬಾಗಿಲು ತೆರೆದರೆಂಬ ಸುದ್ದಿ ಬಂದೊಡನೆ ನಗರದ ಜನರು ಗಾಡಿ ಹೂಡಿಕೊಂಡು ಶಿವನಸಮುದ್ರಕ್ಕೆ ಓಡುತ್ತಾರೆ. ಚುಕ್ಕಿಗಳೆರಡೂ ತಮ್ಮ ಹಳೆಯ ರೂಪವನ್ನು ತಾಳುವುದು ಆ ನಾಲ್ಕಾರು ವಾರಗಳಲ್ಲಿ ಮಾತ್ರ. ಆದರೆ ಹೊಳೆಯ ದಡದಲ್ಲಿ ಬಾಳುವವರ ಪಂಚಾಂಗವೇ ಬೇರೆ. ನಾವು ಮೆಚ್ಚಿ ನೋಡುವ ತುಂಬುಹೊಳೆಯೂ ಅವರು ಅಂಜಿ ನೋಡುವ ನೆರೆಯೂ ಒಂದೇ ನೀರು. ೨೦೧೮ರ ಮಳೆಗಾಲವು ಈ ಮಾತನ್ನು ಎಲ್ಲರಿಗೂ ಮನವರಿಕೆ ಮಾಡಿಕೊಟ್ಟಿತು.

ಆ ವರ್ಷದ ಮಳೆಯನ್ನು ಕೊಡಗಿನವರು ಮರೆಯುವಂತಿಲ್ಲ. ಆಗಸ್ಟಿನ ನಡುವೆ ಅಲ್ಲಿ ಬೆಟ್ಟಗಳೇ ಜರಿದು ಮನೆ ತೋಟಗಳನ್ನು ಮುಚ್ಚಿದುವು. ಅದೇ ದಿನಗಳಲ್ಲಿ ಕೇರಳವು ಮಹಾಪ್ರಳಯದಲ್ಲಿ ಮುಳುಗಿತ್ತು. ಕಾವೇರಿಯು ಹುಟ್ಟುವುದು ಕೊಡಗಿನಲ್ಲಿ. ಕಪಿಲೆಯು ಇಳಿದು ಬರುವುದು ಕೇರಳದ ವಯನಾಡಿನಿಂದ. ಇವೆರಡೂ ತಿರುಮಕೂಡಲಿನಲ್ಲಿ ಕೂಡಿ, ತಲಕಾಡನ್ನು ಬಳಸಿ, ಶಿವನಸಮುದ್ರಕ್ಕೆ ಬರುತ್ತವೆ. ಒಂದು ಉಕ್ಕಿದಾಗ ಇನ್ನೊಂದು ತಗ್ಗಿದ್ದರೆ ಕೆಳಗಿನವರಿಗೆ ಅಪಾಯವು ಕಡಮೆ. ಆ ಸಲ ಎರಡೂ ಒಟ್ಟಿಗೆ ಉಕ್ಕಿದುವು. ಕನ್ನಂಬಾಡಿಯೂ ಕಬಿನಿಯ ಅಣೆಕಟ್ಟೂ ತುಂಬಿದ್ದುದರಿಂದ ಬಂದ ನೀರನ್ನು ಬಂದಂತೆಯೇ ಬಿಡದೆ ವಿಧಿಯಿರಲಿಲ್ಲ. ಎರಡರಿಂದಲೂ ಕೂಡಿ ಸೆಕೆಂಡಿಗೆ ಲಕ್ಷ ಘನ ಅಡಿಗೂ ಮೀರಿದ ನೀರು ಹರಿದುಬಂದಿತು. ಕೊಳ್ಳೇಗಾಲದ ಹೊಳೆದಡದ ದಾಸನಪುರ, ಮುಳ್ಳೂರು, ಹಳೇ ಅಣಗಳ್ಳಿ, ಹಳೇ ಹಂಪಾಪುರ ಮೊದಲಾದ ಹಳ್ಳಿಗಳಿಗೆ ನೀರು ನುಗ್ಗಿತು. ಜನರು ದನಕರುಗಳೊಡನೆ ಎತ್ತರದ ನೆಲಕ್ಕೆ ಸಾಗಬೇಕಾಯಿತು. ಇತ್ತ ಗಗನಚುಕ್ಕಿ, ಭರಚುಕ್ಕಿಗಳು ಬೇರೆ ಬೇರೆ ಧಾರೆಗಳೆಂಬುದೇ ಇಲ್ಲದೆ ಕೆಮ್ಮಣ್ಣಿನ ಬಣ್ಣದ ಒಂದೊಂದು ಗೋಡೆಯಾಗಿ ಬೀಳುತ್ತಿದ್ದುವು.

ಆ ನೆರೆಯಲ್ಲಿಯೇ ವೆಸ್ಲಿ ಸೇತುವೆಯ ಒಂದು ಭಾಗವು ಕೊಚ್ಚಿಹೋಯಿತು. ೧೯೨೪ರ ಜುಲೈಯಲ್ಲಿ ಕಾವೇರಿಗೆ ಬಂದ ಮಹಾಪೂರವನ್ನು ದಾಟಿ ನಿಂತಿದ್ದ ಸೇತುವೆಯದು. ಇಂತಹ ಕಟ್ಟಡದಲ್ಲಿ ಕಂಬಗಳು ಒತ್ತೊತ್ತಾಗಿರುತ್ತವೆ. ಬುಡಮೇಲಾದ ಮರ, ಬಿದಿರಮೆಳೆ, ಹೊಳೆಯ ಜೊಂಡು ಇವೆಲ್ಲ ತೇಲಿಬಂದು ಕಂಬಗಳ ನಡುವೆ ಸಿಕ್ಕಿಕೊಂಡರೆ ಸೇತುವೆಯೇ ಒಂದು ಅಡ್ಡಗಟ್ಟೆಯಾಗಿಬಿಡುತ್ತದೆ. ನೀರಿನ ಒತ್ತಡವೆಲ್ಲ ಅದರ ಮೇಲೆಯೇ ಬೀಳುತ್ತದೆ. ಸಂದುಗಳಲ್ಲಿ ಆಲ ಅರಳಿಯ ಬೇರು ಇಳಿದಿದ್ದರೆ ಕೇಳುವುದೇ ಬೇಡ. ಕಂಬವೊಂದು ಜಾರಿದರೆ ಅದರ ಮೇಲಿನ ತೊಲೆಯೂ ಚಪ್ಪಡಿಯೂ ಜೊತೆಗೇ ಹೋಗುತ್ತವೆ. ಜಲಪಾತವು ಅತ್ಯಂತ ಚೆಲುವಾಗಿ ಕಂಡ ವಾರದಲ್ಲಿಯೇ ಸುಮಾರು ಇನ್ನೂರು ವರ್ಷ ನಿಂತಿದ್ದ ಆ ದಾರಿಯು ತುಂಡಾಯಿತು.

ನೆರೆ ಇಳಿದ ಮೇಲೆ ನಾವು ಹೋಗಿ ನೋಡಿದೆವು. ಹೊಳೆಯು ಏನೂ ಅರಿಯದವಳಂತೆ ತಿಳಿಯಾಗಿ ಹರಿಯುತ್ತಿದ್ದಳು. ದಡದ ಮರಗಳ ಕೊಂಬೆಗಳಲ್ಲಿ, ನಮ್ಮ ತಲೆಗಿಂತ ಎಷ್ಟೋ ಮೇಲೆ, ಒಣಗಿದ ಜೊಂಡೂ ಹರಿದ ಬಟ್ಟೆಯ ಚೂರುಗಳೂ ತೂಗುತ್ತಿದ್ದುವು. ನೀರು ಎಲ್ಲಿಯವರೆಗೆ ಬಂದಿತ್ತೆಂಬುದನ್ನು ಅವೇ ಹೇಳುತ್ತಿದ್ದುವು. ಸೇತುವೆಯು ದಡದಿಂದ ಹೊರಟು, ಸ್ವಲ್ಪ ದೂರ ಎಂದಿನಂತೆ ನಡೆದು, ಥಟ್ಟನೆ ನಿಂತುಹೋಗಿತ್ತು. ಅಲ್ಲಿಂದ ಮುಂದೆ ಬರಿಯ ನೀರು. ಅಜ್ಜಿಯವರು ತೀರಿಕೊಂಡು ಕೆಲವು ವರ್ಷಗಳಾಗಿದ್ದುವು. ಬಾಗಿನವನ್ನು ತಂದಿದ್ದವರು ಅವರ ಸೊಸೆ. ಎಲ್ಲಿಂದ ಬಿಡುವುದೆಂದು ತೋಚದೆ ಅವರು ಬಹಳ ಹೊತ್ತು ಗಂಟನ್ನು ಹಿಡಿದು ನಿಂತಿದ್ದರು. ಕೊನೆಗೆ ದಡದಲ್ಲಿಯೇ ಮೊಣಕಾಲುದ್ದ ನೀರಿಗಿಳಿದು ಬಿಟ್ಟರು. ಮಕ್ಕಳು ಆ ವರ್ಷ ಕಂಬಗಳನ್ನೆಣಿಸಲಿಲ್ಲ.

ಗಾಯವು ಮಾಯುವ ಮೊದಲೇ ೨೦೧೯ರ ಆಗಸ್ಟಿನಲ್ಲಿ ಹೊಳೆಯು ಮತ್ತೆ ಉಕ್ಕಿತು. ಅವೇ ಹಳ್ಳಿಗಳವರು ಮತ್ತೆ ಮನೆ ಬಿಟ್ಟರು. ೨೦೨೨ರಲ್ಲಿ ಇನ್ನೊಂದು ಬಗೆಯ ಪಾಠವಾಯಿತು. ಆ ವರ್ಷದ ಸೆಪ್ಟೆಂಬರ್ ಮೊದಲಲ್ಲಿ ವಿಪರೀತ ಮಳೆ ಸುರಿದು ಭೀಮೇಶ್ವರ ಹೊಳೆಯು ದಡಮೀರಿ, ತೊರೆಕಾಡನಹಳ್ಳಿಯ ಯಂತ್ರಾಗಾರಕ್ಕೇ ನೀರು ನುಗ್ಗಿತು. ಹೊರಗೆ ಪ್ರವಾಹ, ಬೆಂಗಳೂರಿನ ಅನೇಕ ಬಡಾವಣೆಗಳಲ್ಲಿ ನಲ್ಲಿ ಒಣಗಿತು. ದೂರದ ನೆರೆಯು ನಮ್ಮ ಅಡುಗೆಮನೆಗೆ ಬರವಾಗಿ ಬಂದು ನಿಂತಿತು. ದ್ವೀಪಕ್ಕೂ ನಮಗೂ ಇರುವ ನಂಟು ವರ್ಷಕ್ಕೊಂದು ದಿನದ ಬುತ್ತಿಯ ನಂಟಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಪ್ರಿಯವಾದ ಸ್ಥಳವು ಘಾಸಿಗೊಂಡಾಗ ಅದನ್ನು ನೆನೆದು ನಿಟ್ಟುಸಿರುಬಿಡುವುದು ಸುಲಭ. ಅಷ್ಟರಿಂದ ಸ್ಥಳಕ್ಕೇನೂ ಆಗುವುದಿಲ್ಲ. ನಮ್ಮಂತಹ ಗೃಹಸ್ಥರಿಂದ ಆಗಬಹುದಾದ ಕೆಲವು ಸಣ್ಣ ಕೆಲಸಗಳುಂಟು. ಬಾಗಿಲು ತೆರೆದರೆಂಬ ಸುದ್ದಿಯನ್ನು ಓದಿದಾಗ, ಜಲಪಾತದ ಚಿತ್ರದ ಕೆಳಗೆ ಹಳ್ಳಿಗಳ ಹೆಸರಿದೆಯೇ ಎಂಬುದನ್ನೂ ಓದಬೇಕು. ಹೊಳೆಯು ಏರುತ್ತಿರುವ ದಿನಗಳಲ್ಲಿ ಮಕ್ಕಳನ್ನು ಕಟ್ಟಿಕೊಂಡು ಬಂಡೆಗಳ ಮೇಲೆ ಇಳಿಯಬಾರದು; ಪಾಚಿಗಟ್ಟಿದ ಆ ಬಂಡೆಗಳು ಎಷ್ಟೋ ಮನೆಗಳಿಗೆ ದುಃಖವನ್ನು ತಂದಿವೆ. ಉಳಿದಿರುವ ಹಳೆಯ ಕಲ್ಲುಗಳ ಮೇಲೆ ಹತ್ತಿ ಚಿತ್ರ ತೆಗೆಸಿಕೊಳ್ಳುವ ಚಪಲವನ್ನು ಬಿಡಬೇಕು. ಊಟದ ಎಲೆಯಿಂದ ಹಿಡಿದು ನೀರಿನ ಶೀಶೆಯವರೆಗೆ ಕೊಂಡೊಯ್ದುದನ್ನು ಹಿಂದಕ್ಕೆ ತರಬೇಕು. ನಾವು ಹೊಳೆಯಲ್ಲಿ ಬಿಟ್ಟ ಕಸವೇ ನಾಳೆ ಇನ್ನೊಂದು ಸೇತುವೆಯ ಕಂಬಗಳ ನಡುವೆ ಸಿಕ್ಕಿಕೊಳ್ಳುತ್ತದೆ. ದಡದವರ ಎಳನೀರನ್ನೂ ಕಡಲೆಕಾಯಿಯನ್ನೂ ಚೌಕಾಸಿ ಮಾಡದೆ ಕೊಳ್ಳಬೇಕು. ಮನೆಯಲ್ಲಿ ನೀರನ್ನು ಹಿಡಿದು ಬಳಸಬೇಕು. ನಾವು ಚೆಲ್ಲುವುದು ಆ ಚುಕ್ಕಿಗಳಿಂದ ತಂದುದನ್ನೇ.

ಸೇತುವೆಯ ದುರಸ್ತಿಯ ಮಾತು ಆಗಾಗ್ಗೆ ಎದ್ದಿದೆ. ಕೆಲಸವು ಆತುರದ ಕೆಲಸವಾಗಬಾರದೆಂಬುದು ನಮ್ಮ ಆಸೆ. ಕಲ್ಲಿಗೆ ಕಲ್ಲನ್ನೇ ಹೊಂದಿಸಿ, ಹೊಳೆಯ ಬಲವನ್ನರಿತು ಮಾಡಿದ ಕೆಲಸವಾಗಿದ್ದುದರಿಂದಲ್ಲವೇ ಅದು ಅಷ್ಟು ಕಾಲ ಬಾಳಿದುದು? ಒಬ್ಬ ಮುದಲಿಯಾರರು ತಮ್ಮ ಊರಲ್ಲದ ದ್ವೀಪಕ್ಕಾಗಿ ಅಷ್ಟು ದುಡಿದರು. ಅದೇ ಹೊಳೆಯ ಬೆಳಕಿನಲ್ಲಿ ಓದಿ, ಅದೇ ಹೊಳೆಯ ನೀರು ಕುಡಿದು ಬೆಳೆದ ನಗರವು ಅದರ ಕ್ಷೇಮವನ್ನು ತನ್ನ ಮನೆಯ ಕೆಲಸವೆಂದು ಭಾವಿಸುವುದು ದೊಡ್ಡ ಉಪಕಾರವೇನಲ್ಲ.

ನಾವು ಈಗಲೂ ಹೋಗುತ್ತೇವೆ. ನೆರೆಯ ದಿನಗಳಲ್ಲಿ ಅಲ್ಲ. ಮಳೆ ನಿಂತು, ನೀರು ತಿಳಿಯಾಗಿ, ದಡದವರು ತಮ್ಮ ಮನೆಗಳನ್ನು ಸಾರಿಸಿ ಒಲೆ ಹೊತ್ತಿಸಿದ ಮೇಲೆ. ಆಗ ಭರಚುಕ್ಕಿಯಲ್ಲಿ ನೀರು ಸ್ವಲ್ಪ ಕಡಮೆಯಿರುತ್ತದೆ. ಇದ್ದರೇನು? ಆ ದಿನಗಳಲ್ಲಿ ಅವಳ ಚೆಲುವನ್ನು ಯಾರಿಗೂ ಭಯವಿಲ್ಲದೆ ನೋಡಬಹುದು.